ಗಿರಣಿ ಆನಂದಪ್ಪ ಗೊತ್ತಿಲ್ಲದ ಬಸ್ಸು ಹತ್ತಿದ್ದು

ಗಿರಣಿ ಆನಂದಪ್ಪನ ಬದುಕಿಗೆ ಸಾಹಸ ಕಾಲಿಟ್ಟಿದ್ದು ಮಗಳು ದಿವ್ಯಳ ಕಾಲೇಜಿನ ವಾರ್ಷಿಕೋತ್ಸವದ ದಿನ. ದೂರದಿಂದ ಬಂದಿದ್ದ ಭಾಷಣಕಾರರೊಬ್ಬರು ಕೆನ್ನೆಗೆ ಮೈಕು ಅಂಟಿಸಿಕೊಂಡು ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತ, “ದಿನಾ ಹೋಗೋ ದಾರೀಲಿ ಹೋಗಬೇಡಿ! ಎಲ್ಲಿಗೆ ಅಂತ ನೋಡದೆ ಬಸ್ಸು ಹತ್ತಿ! ಫೋನು ಮನೇಲಿ ಬಿಡಿ! ನಾಳೆ ಏನು ಅಂತ ಇವತ್ತೇ ಗೊತ್ತಿದ್ದರೆ ಅದೂ ಒಂದು ಬದುಕೇನ್ರೀ?” ಎಂದು ಗುಡುಗಿದರು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿ ತಮ್ಮ ತಮ್ಮ ಫೋನಿಗೆ ವಾಪಸಾದರು. ಇಡೀ ಸಭೆಯಲ್ಲಿ ಆ ಮಾತು ಎದೆಗೆ ನಾಟಿದ್ದು ಒಬ್ಬನಿಗೇ. ಅವನು ಕಡೆಯ ಸಾಲಿನಲ್ಲಿ, ಹುಬ್ಬಿನ ಮೇಲೆ ರಾಗಿ ಹಿಟ್ಟು ಮೆತ್ತಿಕೊಂಡು ಕೂತಿದ್ದ.

ನಾಳೆ ಏನು ಎನ್ನುವುದು ಆನಂದಪ್ಪನಿಗೆ ಇಪ್ಪತ್ತಾರು ವರ್ಷದಿಂದ ಗೊತ್ತಿತ್ತು. ನಾಳೆ ರಾಗಿ. ನಾಡಿದ್ದು ಜೋಳ. ಶುಕ್ರವಾರ ಮೆಣಸಿನಕಾಯಿ. ಬೆಳಿಗ್ಗೆ ಏಳಕ್ಕೆ ಷಟರ್ ಎತ್ತುವುದು, ಸಂಜೆ ಏಳಕ್ಕೆ ಇಳಿಸುವುದು. ಶಿಕಾರಿಪುರದ ಆ ಓಣಿಯಲ್ಲಿ ಅವನ ಗಿರಣಿಯ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳುವವರಿದ್ದರು. ಇದು ಹೊಗಳಿಕೆ ಎಂದೇ ಅವನು ಇಷ್ಟು ದಿನ ತಿಳಿದಿದ್ದ.

ಮನೆಗೆ ಬಂದವನೇ ಘೋಷಿಸಿದ. “ನಾಳೆಯಿಂದ ನಾನು ಸಾಹಸ ಮಾಡ್ತೀನಿ.”

ಹೆಂಡತಿ ತಿಮ್ಮಮ್ಮ ರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ. “ಮೊನ್ನೆ ಬಚ್ಚಲಾಗೆ ಹಲ್ಲಿ ಕಂಡು ಮೈಮ್ಯಾಲೆ ನೊರೆ ಇಟ್ಕಂಡೇ ಅಂಗಳಕ್ಕೆ ಓಡಿ ಬಂದ್ರಲ್ಲ, ಅದು ಸಾಹಸ ಅಲ್ಲೇನ್ರೀ?”

“ಅದು ಹಲ್ಲಿ ಅಲ್ಲ, ಹಾವುರಾಣಿ.”

“ಹಲ್ಲಿ ಅಪ್ಪ. ನಾನು ನೋಡ್ದೆ,” ಎಂದಳು ದಿವ್ಯ.

ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ತಾಯಿ ಹನುಮಮ್ಮ ಮಾತ್ರ ಗಂಭೀರವಾಗಿ ತಲೆ ಎತ್ತಿದಳು. “ಮಾಡಪ್ಪ, ಬ್ಯಾಡ ಅನ್ನಲ್ಲ. ಆದ್ರೆ ಕುಬಟೂರಿನ ಕಡೆ ತಲೆ ಹಾಕಿ ಮಲಗಿದ್ರೂ ನಾನು ಸುಮ್ಕಿರಲ್ಲ.”

ಈ ಕುಬಟೂರಿನ ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಸೊರಬ ತಾಲ್ಲೂಕಿನ ಕುಬಟೂರು ಹನುಮಮ್ಮನ ತವರು. ಅಲ್ಲಿ ಅವಳ ತಮ್ಮ ಸಣ್ಣಬೀರಪ್ಪ ನೂರು ಕುರಿಗಳನ್ನೂ ಒಂದು ಮೀಸೆಯನ್ನೂ ಸಾಕಿಕೊಂಡಿದ್ದಾನೆ. ಹನ್ನೊಂದು ವರ್ಷದ ಹಿಂದೆ ಅವನ ಮಗ ವೀರೇಶನ ಮದುವೆಯಲ್ಲಿ, ಗಡಿಬಿಡಿಯೊಳಗೆ ಯಾರೋ ಹನುಮಮ್ಮನನ್ನು ಎರಡನೇ ಪಂಕ್ತಿಗೆ ಕೂರಿಸಿದರು. ಅವಳ ಎಲೆಯ ಹತ್ತಿರ ಬರುವಷ್ಟರಲ್ಲಿ ಹೋಳಿಗೆ ಮುಗಿದಿತ್ತು. ಬಡಿಸುವವನು ಖಾಲಿ ಪುಟ್ಟಿ ತೋರಿಸಿ, “ಪಾಯ್ಸ ಹಾಕ್ಲಾ ಅಜ್ಜಿ?” ಎಂದನಂತೆ. ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಪಾಯಸ! ಹನುಮಮ್ಮ ಎಲೆ ಮಡಚಿ ಎದ್ದು, ಚಪ್ಪರದ ನಡುವೆ ನಿಂತು, “ನಾನು ಜೀವಂತ ಇರೋತನಕ ಈ ಮನೆ ಸುದ್ದಿ ನನಗೆ ಬ್ಯಾಡ” ಎಂದಳು. ತಮ್ಮನಿಗೂ ಮೀಸೆ ಇತ್ತಲ್ಲ, “ಆಕೆ ತೀರಿಕೊಂಡ್ಲು ಅಂತ ಸುದ್ದಿ ಬಂದ್ರೇನೇ ನಾನು ಶಿಕಾರಿಪುರಕ್ಕೆ ಕಾಲಿಡೋದು” ಎಂದುಬಿಟ್ಟ. ಎರಡೂ ಮನೆಯವರು ಫೋನುಗಳಿಂದ ಒಬ್ಬರದೊಬ್ಬರು ನಂಬರು ಅಳಿಸಿದರು. ಪಂಚಮಿಗೆ ತವರಿನಿಂದ ಬರುತ್ತಿದ್ದ ಸೀರೆ ನಿಂತಿತು. ಪ್ರತಿ ಪಂಚಮಿಯ ದಿನ ಹನುಮಮ್ಮ ಜಗಲಿಯಲ್ಲಿ ಕೂತು ಓಣಿಯ ತುದಿಯನ್ನೇ ನೋಡುತ್ತಿದ್ದಳು. ಏನವ್ವ ಎಂದರೆ ಮೋಡ ನೋಡ್ತಿದೀನಿ ಎನ್ನುತ್ತಿದ್ದಳು.

ಮಗನಿಗೂ ಅವಳು ಆಣೆ ಹಾಕಿದ್ದಳು. “ಆ ಮನೆ ಹೊಸಿಲು ತುಳಿದ್ರೆ, ಅಲ್ಲಿ ಹನಿ ನೀರು ಮುಟ್ಟಿದ್ರೆ, ನಾನು ಈಸೂರಿಗೆ ಮಗಳ ಮನಿಗೆ ಹೋಗಿ ಕೂರ್ತೀನಿ. ಆಮ್ಯಾಲೆ ನೀನು ನನ್ನ ಮಗ ಅಲ್ಲ, ನಾನು ನಿನ್ನ ತಾಯಿ ಅಲ್ಲ. ರಾಗಿ ಬೀಸೋದಿದ್ರೆ ಡಬ್ಬಿ ತಗಂಡು ಬರ್ತೀನಿ, ಅಷ್ಟೇ.” ಒಡಹುಟ್ಟಿದ ತಮ್ಮನೊಂದಿಗೆ ಹನ್ನೊಂದು ವರ್ಷ ಮಾತು ಬಿಟ್ಟವಳು ಇದನ್ನೂ ಮಾಡಿಯೇ ತೀರುತ್ತಾಳೆ ಎಂದು ಆನಂದಪ್ಪನಿಗೆ ಗೊತ್ತಿತ್ತು. ಹಲ್ಲಿಯ ನಂತರ ಅವನು ಹೆದರುತ್ತಿದ್ದುದು ಇದೊಂದಕ್ಕೇ.

ಬುಧವಾರ ಬೆಳಿಗ್ಗೆ ಆರೂವರೆಗೆ ಅವನು ಫೋನನ್ನು ಫ್ರಿಜ್ಜಿನ ಮೇಲಿಟ್ಟು, ಯಾರಿಗೂ ಹೇಳದೆ ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಗಿರಣಿಯ ಬೀಗದ ಕೈ ಅಂಗಿಯ ಜೇಬಿನಲ್ಲೇ ಉಳಿದಿದ್ದು ಅವನ ಗಮನಕ್ಕೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಮುಚ್ಚಿಕೊಂಡು ಮೊದಲು ಸದ್ದು ಕೇಳಿದ ಬಸ್ಸನ್ನು ಹತ್ತಿದ. ಯಾರದೋ ಈರುಳ್ಳಿ ಚೀಲದ ಮೇಲೆ ಬಿದ್ದ. ಸಾಹಸ ಶುರುವಾಗಿತ್ತು.

“ಎಲ್ಲಿಗ್ರೀ?” ಎಂದ ಕಂಡಕ್ಟರ್.

“ಎಲ್ಲಿಗಾದ್ರೂ ಸರಿ.”

“ಎಲ್ಲಿಗಾದ್ರೂ ಅನ್ನೋ ಸ್ಟೇಜು ಈ ಮಿಷನ್ನಾಗೆ ಇಲ್ಲ ರೀ.”

“ಈ ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಹೇಳಬ್ಯಾಡ್ರಿ. ನಾನು ಸಾಹಸದಾಗಿದೀನಿ.”

ಕಂಡಕ್ಟರ್ ಬಗ್ಗಿ ಅವನ ಬಾಯಿ ಮೂಸಿ ನೋಡಿದ. “ಕುಡಿದೋರನ್ನ ಇಳಿಸ್ಬೋದು ಅಂತ ರೂಲ್ಸ್ ಐತೆ. ಸಾಹಸದೋರಿಗೆ ಏನೂ ಬರ್ದಿಲ್ಲ.”

ಬಸ್ಸಿನೊಳಗೆ ಚರ್ಚೆ ಶುರುವಾಯಿತು. ಮನೆಯಲ್ಲಿ ಜಗಳವಾಗಿರಬೇಕು, ಶಿರಾಳಕೊಪ್ಪಕ್ಕೆ ಕೊಡಿ, ಅಷ್ಟರಲ್ಲಿ ಸಿಟ್ಟು ಇಳಿಯುತ್ತದೆ ಎಂದು ಹಿರಿಯರೊಬ್ಬರು ಸಲಹೆ ಮಾಡಿದರು. ಆಗ ಹಿಂದಿನ ಸೀಟಿನಿಂದ ಆಧಾರ್ ಕಾರ್ಡು ಹಿಡಿದ ಕೈಯೊಂದು ಮೇಲೆದ್ದಿತು. ಅದು ನಿರ್ಮಲಮ್ಮನ ಕೈ. ಆನಂದಪ್ಪನ ಗಿರಣಿಯ ಹಳೇ ಗಿರಾಕಿ.

“ಅಯ್ಯೋ, ಇವ್ರು ನಮ್ಮ ಗಿರಣಿ ಆನಂದಪ್ಪಾರು! ಬಸ್ಸು ಆನವಟ್ಟಿಗಲ್ವಾ, ಆನವಟ್ಟಿ ಕೊಡ್ರಿ. ಅಲ್ಲಿಂದ ಕುಬಟೂರು ಹತ್ರ, ಅವ್ರ ಸೋದರಮಾವನ ಊರು. ಹೇಳಾಕೆ ನಾಚ್ಕಂತಾರೆ ಪಾಪ.”

ಮಿಷನ್ನು ಕಿರ್ರೆಂದು ಚೀಟಿ ಉಗುಳಿತು. ಆನಂದಪ್ಪ ಅದನ್ನು ಕೆಂಡದಂತೆ ಬೆರಳ ತುದಿಯಲ್ಲಿ ಹಿಡಿದ. ಶಿರಾಳಕೊಪ್ಪದಲ್ಲಿ ಇಳಿದು ಓಡಬಹುದಿತ್ತು, ಇಳಿದೂ ಇಳಿದ. ಆದರೆ ಅರ್ಧ ದಾರಿಯಿಂದ ವಾಪಸು ಹೋದರೆ ತಿಮ್ಮಮ್ಮ ಹಲ್ಲಿಯ ಕಥೆಗೆ ಎರಡನೇ ಭಾಗ ಸೇರಿಸುತ್ತಾಳೆ. ಅದಲ್ಲದೆ ಅವನಿಗೆ ಮಾವನನ್ನು ನೋಡುವ ಆಸೆಯೂ ಇತ್ತು, ಸುಳ್ಳೇಕೆ ಹೇಳಬೇಕು. ಚಿಕ್ಕವನಿದ್ದಾಗ ಟಗರಿನ ಬೆನ್ನ ಮೇಲೆ ಕೂರಿಸಿ ಊರೆಲ್ಲ ಸುತ್ತಿಸುತ್ತಿದ್ದ ಮಾವ. ದೂರದಿಂದ ಒಮ್ಮೆ ನೋಡಿ ಬಂದರೆ ಆಣೆ ಮುರಿದಂತಾಗುವುದಿಲ್ಲ ಎಂದು ತೀರ್ಮಾನಿಸುವಷ್ಟರಲ್ಲಿ ಬಸ್ಸು ಹೊರಟಿತು. ಓಡಿ ಹತ್ತುವಾಗ ಒಂದು ಚಪ್ಪಲಿಯ ಉಂಗುಷ್ಟ ಕಿತ್ತು, ಅದು ರಸ್ತೆಯಲ್ಲೇ ಉಳಿಯಿತು. ಸಾಹಸಿಗೆ ಚಪ್ಪಲಿ ಏಕೆ ಎಂದು ಇನ್ನೊಂದನ್ನೂ ಅವನು ಕಿಟಕಿಯಿಂದ ಆಚೆ ಎಸೆದ.

ಆನವಟ್ಟಿಯಲ್ಲಿ ನಾಲ್ಕು ಮಿರ್ಚಿ ಕಟ್ಟಿಸಿಕೊಂಡು, ಬಿಸಿಲಿಗೆ ಟವೆಲ್ಲನ್ನು ತಲೆಯ ಮೇಲೆ ಹೊದ್ದು, ಬರಿಗಾಲಲ್ಲಿ ಕುಬಟೂರಿನ ಕಡೆ ನಡೆದ. ಮಾವನ ಮನೆಯ ಎದುರಿನ ಹುಲ್ಲಿನ ಬಣವೆಯ ಹಿಂದೆ ಅಡಗಿ ನಿಂತು ಕಡೆಯ ಮಿರ್ಚಿಯನ್ನು ಬಾಯಿಗೆ ಹಾಕಿಕೊಂಡ. ಅದು ಇಡೀ ಮೆಣಸಿನಕಾಯಿಯ ಮಿರ್ಚಿ. ಅವನು ಕೆಮ್ಮಿದ. ಕಸ ಹಾಕಲು ಬಂದಿದ್ದ ವೀರೇಶನ ಹೆಂಡತಿ ಮಮತಾ ತಿರುಗಿ ನೋಡಿದಳು.

ಈ ಸೀಮೆಯಲ್ಲಿ ಸಾವಿನ ಸುದ್ದಿ ತರುವವನಿಗೆ ಒಂದು ರೀತಿ ಇದೆ. ಅವನು ಹೇಳದೆ ಕೇಳದೆ ಬರುತ್ತಾನೆ. ಕೈಯಲ್ಲಿ ಚೀಲವಿರುವುದಿಲ್ಲ. ಬಾಗಿಲಾಚೆಯೇ ನಿಲ್ಲುತ್ತಾನೆ, ಒಳಗೆ ಕರೆದರೆ ಬರುವುದಿಲ್ಲ, ನೀರು ಕೊಟ್ಟರೆ ಮುಟ್ಟುವುದಿಲ್ಲ. ಬಾಯಿ ಬಿಡುವ ಮೊದಲೇ ಮನೆಯವರಿಗೆ ಅರ್ಥವಾಗುತ್ತದೆ. ಇದನ್ನು ಆನಂದಪ್ಪನೂ ಬಲ್ಲ. ಆದರೆ ಆ ಹೊತ್ತಿನಲ್ಲಿ ಅವನ ತಲೆಯೊಳಗೆ ಇದ್ದದ್ದು ತಾಯಿಯ ಆಣೆ, ಬಾಯೊಳಗೆ ಇದ್ದದ್ದು ಮೆಣಸಿನಕಾಯಿ.

“ಅಣ್ಣಾರೆ! ಎಷ್ಟು ವರ್ಷ ಆತು! ಬನ್ನಿ ಒಳಗೆ.”

“ಇಲ್ಲಮ್ಮ. ಒಳಗೆ ಬರಂಗಿಲ್ಲ.”

ಮಮತಾಳ ಮುಖ ಬಿಳಿಚಿತು. ಆದರೂ ಓಡಿಹೋಗಿ ತಂಬಿಗೆಯಲ್ಲಿ ನೀರು ತಂದಳು. ಆನಂದಪ್ಪನ ನಾಲಗೆಗೆ ಬೆಂಕಿ ಬಿದ್ದಿತ್ತು. ಆ ತಂಬಿಗೆಯನ್ನು ಅವನು ನೋಡಿದ ನೋಟವನ್ನು ಯಾವ ಶತ್ರುವೂ ನೋಡಬಾರದು. ಆದರೆ ಆಣೆ ಆಣೆಯೇ.

“ನೀರೂ ಮುಟ್ಟಂಗಿಲ್ಲ.”

ತಂಬಿಗೆ ಕೆಳಗೆ ಬಿತ್ತು. ಸದ್ದಿಗೆ ಸಣ್ಣಬೀರಪ್ಪ ಹೊರಗೆ ಬಂದ. ಎದುರಿಗೆ ಅಕ್ಕನ ಮಗ. ಬರಿಗಾಲು, ತಲೆಯ ಮೇಲೆ ಟವೆಲ್ಲು, ಕೆಂಪಾದ ಕಣ್ಣು, ಕೆನ್ನೆ ತುಂಬ ನೀರು.

ನಾನು ಬಂದಿದ್ದು ಅವ್ವನಿಗೆ ಹೇಳಬೇಡಿ ಎನ್ನಲು ಆನಂದಪ್ಪ ಬಾಯಿ ತೆರೆದ. “ಅವ್ವ…” ಎಂದ. ಅಷ್ಟರಲ್ಲಿ ಮೆಣಸಿನ ಬೀಜವೊಂದು ಗಂಟಲಿಗೆ ಸಿಕ್ಕಿತು. ಮುಂದಿನದೆಲ್ಲ ಕೆಮ್ಮು, ಬಿಕ್ಕಳಿಕೆ, ಕಣ್ಣೀರು. ಉಸಿರು ಸಿಗದೆ ಎರಡೂ ಕೈಯನ್ನು ಆಕಾಶಕ್ಕೆ ಎತ್ತಿದ.

ಮಮತಾ ಕಿಟಾರನೆ ಕಿರುಚಿದಳು. ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡೇ ಓಡಿಬಂದರು. ಸಣ್ಣಬೀರಪ್ಪ ಕಟ್ಟೆಯ ಮೇಲೆ ಕುಸಿದ. ಅವನ ಮೀಸೆ ಮೊದಲ ಸಲ ಕೆಳಗಿಳಿಯಿತು.

“ಅಕ್ಕಾ! ನಿನಗೇಂತ ಮೂರು ಹೋಳಿಗೆ ಎತ್ತಿಟ್ಟಿದ್ದೆ ಕಣೇ! ಒಳಗಿಂದ ತರೋ ಅಷ್ಟ್ರಲ್ಲಿ ಎದ್ದು ಹೋಗಿಬಿಟ್ಟಿದ್ಯಲ್ಲೇ!”

ಗಂಟಲು ಬಿಟ್ಟಕೂಡಲೇ ಆನಂದಪ್ಪನಿಗೆ ಅನಾಹುತ ಅರ್ಥವಾಯಿತು. “ಅಯ್ಯೋ ಮಾವ, ಹಂಗಲ್ಲ! ಅವ್ವ ಚೆನ್ನಾಗೇ ಇದ್ದಾಳೆ!”

“ಇರ್ತಾಳಪ್ಪ,” ಎಂದು ಒಬ್ಬ ಮುದುಕಿ ಅವನ ಬೆನ್ನು ಸವರಿದಳು. “ಆಕಿ ಮಾಡಿದ ಪುಣ್ಯಕ್ಕೆ ಎಲ್ಲಿದ್ರೂ ಚೆನ್ನಾಗೇ ಇರ್ತಾಳೆ.”

“ಸತ್ತಿಲ್ಲ ಅಂತೀನಿ!”

“ನಮ್ಮ ಮನಸ್ಸಿನಾಗೆ ಎಂದೂ ಸಾಯಲ್ಲ ಬಿಡು,” ಎಂದ ಮಾವ, ಇನ್ನೂ ಜೋರಾಗಿ ಅಳುತ್ತ.

ಫೋನ್ ಮಾಡಿ ಕೇಳಿ ಎಂದು ಆನಂದಪ್ಪ ಅಂಗಲಾಚಿದ. ಯಾವ ನಂಬರಿಗೆ? ಅವರು ಅಳಿಸಿದ್ದರು. ಆನಂದಪ್ಪನಿಗೆ ಹೆಂಡತಿಯ ನಂಬರಿನ ಮೊದಲ ಎರಡು ಅಂಕಿ ಬಿಟ್ಟು ಏನೂ ನೆನಪಿರಲಿಲ್ಲ. ತಾಯಿ ಸತ್ತ ದುಃಖಕ್ಕೆ ಪಾಪ, ಹೆಂಡತಿಯ ನಂಬರೂ ಮರೆತಿದ್ದಾನೆ ಎಂದು ಹೆಂಗಸರು ಇನ್ನೊಂದು ಸುತ್ತು ಅತ್ತರು.

ವೀರೇಶ ಕುರಿ ಸಾಗಿಸುವ ಲಗೇಜ್ ಗಾಡಿಯನ್ನು ಬಾಗಿಲಿಗೆ ತಂದ. ಒಳಗೆ ಮೂರು ಕುರಿಗಳಿದ್ದವು, ಇಳಿಸಲು ವ್ಯವಧಾನವಿರಲಿಲ್ಲ. ಹದಿನಾಲ್ಕು ಜನ, ಮೂರು ಕುರಿ, ಒಂದು ಹೂವಿನ ಹಾರದೊಂದಿಗೆ ಗಾಡಿ ಹೊರಟಿತು. ಆನಂದಪ್ಪನನ್ನು, ದುಃಖದಲ್ಲಿ ಹಾರಿಕೊಂಡಾನು ಎಂದು, ಮುಂದಿನ ಸೀಟಿನಲ್ಲಿ ಇಬ್ಬರ ನಡುವೆ ಒತ್ತಿ ಕೂರಿಸಿದರು.

“ವೀರೇಶ, ದೇವರಾಣೆ, ಅವ್ವ ನಿನ್ನೆ ರಾತ್ರಿ ಮೂರು ರೊಟ್ಟಿ ತಿಂದಾಳೆ ಕಣೋ.”

“ಗೊತ್ತು ಬಾವ,” ಎಂದ ವೀರೇಶ ನಿಟ್ಟುಸಿರು ಬಿಟ್ಟು. “ನಮ್ಮ ತಾತಾನೂ ಹಂಗೇ, ಉಂಡು ಕೈ ತೊಳ್ಕಂಡೇ ಹೋಗಿದ್ದು.”

ಆನವಟ್ಟಿಯಲ್ಲಿ ಗಾಡಿ ಬಟ್ಟೆ ಅಂಗಡಿಯ ಮುಂದೆ ನಿಂತಿತು. ಹೆಣ್ಣುಮಗಳು ತೀರಿಕೊಂಡರೆ ಅವಳ ಮೈಮೇಲೆ ಹೊದಿಸುವ ಕಡೆಯ ಸೀರೆ ತವರಿನಿಂದಲೇ ಬರಬೇಕು. ಸಂಗತಿ ಕೇಳಿ ಅಂಗಡಿಯವನು ಕೆಳಗಿನ ಕಪಾಟಿನಿಂದ ತೆಳ್ಳನೆಯದೊಂದು ಸೀರೆ ತೆಗೆದ. ಮಣ್ಣಿಗೆ ಹೋಗೋದಕ್ಕೆ ಇದು ಸಾಕು ಎಂದ.

“ಹನ್ನೊಂದು ಪಂಚಮಿ ನನ್ನ ಅಕ್ಕ ನನ್ನ ಸೀರೆ ಉಟ್ಟಿಲ್ಲ,” ಎಂದ ಸಣ್ಣಬೀರಪ್ಪ. “ಮ್ಯಾಲಿಂದ ತೆಗಿ.”

ಮೇಲಿನಿಂದ ತೆಗೆದದ್ದು ಕೆಂಪು ಅಂಚಿನ ಹಸಿರು ಇಳಕಲ್ ಸೀರೆ. ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮುದುಕ ದಾರಿಯುದ್ದಕ್ಕೂ ಸವರುತ್ತಿದ್ದ. ಹಿಂಬದಿಯ ಕಿಟಕಿಯಿಂದ ತಿರುಗಿ ನೋಡಿದ ಆನಂದಪ್ಪನ ಕಣ್ಣಲ್ಲಿ ಮತ್ತೆ ನೀರು ಬಂತು. ಈ ಸಲ ಮೆಣಸಿನಕಾಯಿ ಇರಲಿಲ್ಲ. ಆದರೆ ಶಿಕಾರಿಪುರ ಹತ್ತಿರವಾದಂತೆ ಅವನಿಗೆ ಮುಂದಿನದು ಕಾಣತೊಡಗಿತು. ಈ ದಂಡನ್ನು ನೋಡಿದ ಕ್ಷಣ ಅವ್ವ ಟ್ರಂಕು ಎತ್ತಿಕೊಂಡು ಈಸೂರಿಗೆ ಹೊರಡುತ್ತಾಳೆ. ಇನ್ನು ಮೇಲೆ ಅವಳು ಡಬ್ಬಿ ಹಿಡಿದು ಬರುವ ಗಿರಾಕಿ.

ಗಾಡಿ ಓಣಿಗೆ ತಿರುಗಿತು. ಆನಂದಪ್ಪ ಕಣ್ಣು ಬಿಟ್ಟು ನೋಡಿದ. ಗಿರಣಿಯ ಷಟರ್ ಮುಚ್ಚಿದೆ. ಇಪ್ಪತ್ತಾರು ವರ್ಷದಲ್ಲಿ ಆ ಹೊತ್ತಿನಲ್ಲಿ ಅದು ಮುಚ್ಚಿದ್ದೇ ಇಲ್ಲ. ಮನೆಯ ಮುಂದೆ ಮೂವತ್ತು ನಲವತ್ತು ಜನ ಮಾತಿಲ್ಲದೆ ತಲೆ ತಗ್ಗಿಸಿ ನಿಂತಿದ್ದಾರೆ. ಜಗಲಿಯ ಮೇಲೆ, ತೀರಿಕೊಂಡವರನ್ನು ಕೂರಿಸುವ ಹಾಗೆಯೇ, ಹನುಮಮ್ಮ ಗೋಡೆಗೆ ಒರಗಿ ಕೂತಿದ್ದಾಳೆ. ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಎದುರಿಗೆ ಊದುಬತ್ತಿ ಉರಿಯುತ್ತಿದೆ.

ಷಟರ್ ಮುಚ್ಚಿದ್ದು ಬೀಗದ ಕೈ ತನ್ನ ಜೇಬಿನಲ್ಲಿದ್ದದ್ದಕ್ಕೆ, ಜನ ಸಪ್ಪಗಿದ್ದದ್ದು ಏಳು ಗಂಟೆಯಿಂದ ರಾಗಿ ಡಬ್ಬಿ ಹಿಡಿದು ನಿಂತು ನಿಂತು ಸಾಕಾದದ್ದಕ್ಕೆ, ಊದುಬತ್ತಿ ನೊಣಕ್ಕೆ ದಿವ್ಯ ಹಚ್ಚಿಟ್ಟದ್ದು, ಗಿರಣಿಯ ಸದ್ದಿಗೇ ಏಳದ ಅವ್ವ ಕೂತಲ್ಲೇ ನಿದ್ದೆ ಹೋದದ್ದು ಎಂದು ಯೋಚಿಸಬಹುದಾಗಿದ್ದ ಒಬ್ಬನೇ ಮನುಷ್ಯ ಆನಂದಪ್ಪ. ಅವನು ಅದನ್ನು ಯೋಚಿಸಲಿಲ್ಲ. ಬೆಳಗಿನಿಂದ ಸತ್ತಿಲ್ಲ ಸತ್ತಿಲ್ಲ ಎಂದು ಬಡಿದುಕೊಂಡವನು ಎಲ್ಲರಿಗಿಂತ ಮೊದಲು ಗಾಡಿಯಿಂದ ಹಾರಿ, ಎಲ್ಲರಿಗಿಂತ ಜೋರಾಗಿ ಬಾಯಿ ಬಡಿದುಕೊಂಡು, ತಾಯಿಯ ಕಾಲಿನ ಮೇಲೆ ಬಿದ್ದ.

“ಅವ್ವಾ! ಹೇಳ್ದೆ ಹೋಗಿದ್ದಕ್ಕೆ ನೀನೂ ಹೇಳ್ದೆ ಹೋದ್ಯೇನವ್ವಾ! ನಾನು ಹನಿ ನೀರು ಮುಟ್ಟಿಲ್ಲ ಕಣವ್ವಾ!”

ಹಿಂದೆಯೇ ಹದಿಮೂರು ಜನ ಇಳಿದು ಗೋಳಿಟ್ಟರು. ಕುರಿಗಳೂ ದನಿಗೂಡಿಸಿದವು. ಸಣ್ಣಬೀರಪ್ಪ ಸೀರೆ ಬಿಡಿಸಿ ಅಕ್ಕನ ತಲೆಯ ಮೇಲಿನಿಂದ ಹೊದಿಸಿದ.

ಸೀರೆಯೊಳಗಿನಿಂದ ಒಂದು ಧ್ವನಿ ಬಂತು. “ಯಾವನ್ಲೇ ಅವ್ನು, ಮಲಗಿದೋರ ಮಕಕ್ಕೆ ಬಟ್ಟೆ ಹಾಕಿ ಉಸಿರು ಕಟ್ಸೋನು?”

ಅಳು ನಿಂತಿತು. ಒಬ್ಬ ದೂರದ ನೆಂಟ ಹಾರ ಬಿಸುಟು ಬಸ್‌ಸ್ಟ್ಯಾಂಡಿನ ಕಡೆಗೆ ಓಡಿದ. ಒಳಗಿನಿಂದ ತಿಮ್ಮಮ್ಮ ಸೌಟು ಹಿಡಿದು ಬಂದು ಬಾಗಿಲಲ್ಲೇ ನಿಂತಳು. ಕ್ಯೂನಲ್ಲಿದ್ದವನೊಬ್ಬ ಮೆಲ್ಲಗೆ, “ಈಗಾದ್ರೂ ಗಿರಣಿ ತೆಗೀತೀರೇನ್ರೀ?” ಎಂದ.

ಸೀರೆ ಸರಿಸಿದ ಹನುಮಮ್ಮನ ಎದುರಿಗೆ ತಮ್ಮ ನಿಂತಿದ್ದ. ಒಂದು ಮಾರು ದೂರ. ಹನ್ನೊಂದು ವರ್ಷ ಮಾತು ಬಿಟ್ಟವರು ಹಾಗೆ ದಿಢೀರನೆ ಮಾತಾಡುವಂತಿಲ್ಲ.

“ಆನಂದ, ಕೇಳು ಅವ್ನನ್ನ. ಯಾಕ್ ಬಂದಾನಂತೆ?”

“ಆನಂದ, ಹೇಳು. ಸತ್ತಾಳೆ ಅಂತ ಬಂದೆ ಅಂತ.”

“ಸತ್ತಿಲ್ಲ ಅಂತ ಹೇಳು.”

“ಕಾಣ್ತೈತೆ ಅಂತ ಹೇಳು.”

ಆನಂದಪ್ಪ ಅತ್ತ ಒಮ್ಮೆ ಇತ್ತ ಒಮ್ಮೆ ಕತ್ತು ತಿರುಗಿಸುತ್ತಿದ್ದ. ಅವನ ಅಗತ್ಯ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಸಣ್ಣಬೀರಪ್ಪನ ಮೀಸೆ ಅದುರಿತು. “ಮೂರು ಎತ್ತಿಟ್ಟಿದ್ದೆ ಅಕ್ಕ,” ಎಂದ, ನೇರವಾಗಿ.

ಹನುಮಮ್ಮ ತಮ್ಮನ ಕಡೆ ತಿರುಗಿದಳು. “ಹೋಳಿಗೆನಾ?”

“ಹೂಂ. ನಿನಗೇಂತ.”

“ಏನಾದ್ವು?”

“ನೀನು ಹೋದ್ಯಲ್ಲ. ಸಿಟ್ಟಿನಾಗೆ ನಾನೇ ತಿಂದೆ.”

“ಮೂರನ್ನೂ?”

“ತುಪ್ಪ ಹಾಕ್ಕಂಡು.”

ಹನುಮಮ್ಮನಿಗೆ ನಗು ತಡೆಯಲಾಗಲಿ, ಅಳು ತಡೆಯಲಾಗಲಿ ಆಗಲಿಲ್ಲ. ಎರಡನ್ನೂ ಒಟ್ಟಿಗೇ ಮಾಡಿದಳು. ತಮ್ಮನ ಕಿವಿ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಆಮೇಲೆ ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿದಳು.

“ಇಂಥಾ ಸೀರೆ ಮಣ್ಣಿಗೆ ಹಾಕೋರೇನೋ ದಡ್ಡ? ಇದು ಪಂಚಮೀದು ಅಂತ ಇಟ್ಕಂತೀನಿ. ಸತ್ತಾಗ ಬ್ಯಾರೆ ತರ್ಬೇಕು, ಈಗಲೇ ಹೇಳಿರ್ತೀನಿ.”

ಆನಂದಪ್ಪ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದ. ತಾಯಿ ಅಲ್ಲೇ ತಡೆದಳು. “ನಿಂದ್ರು ನೀನು. ಆ ಮನೆ ನೀರು ಮುಟ್ಟಿದ್ಯಾ?”

“ಇಲ್ಲವ್ವ! ಬಾಯಿಗೆ ಬೆಂಕಿ ಬಿದ್ದಿದ್ರೂ ಮುಟ್ಲಿಲ್ಲ!” ಎಂದ ಹೆಮ್ಮೆಯಿಂದ.

“ಅಷ್ಟು ದೂರ ಹೋಗಿ ಸೋದರಮಾವನ ಮನೆ ನೀರು ಬ್ಯಾಡ ಅಂದ್ಯಾ? ಮಾನ ಮರ್ಯಾದೆ ಏನಾದ್ರೂ ಐತೇನೋ ನಿನಗೆ?”

ಆ ಮಧ್ಯಾಹ್ನ ತಿಮ್ಮಮ್ಮ ಹೋಳಿಗೆ ಮಾಡಿದಳು. ಹನುಮಮ್ಮ ತಮ್ಮನನ್ನು ಬೇಕೆಂದೇ ಎರಡನೇ ಪಂಕ್ತಿಗೆ ಕೂರಿಸಿ, ಖಾಲಿ ಪುಟ್ಟಿ ತೋರಿಸಿ, “ಪಾಯ್ಸ ಹಾಕ್ಲಾ ಅಜ್ಜ?” ಎಂದಳು. ಅವನ ಮುಖ ಪೂರ್ತಿ ಬಾಡುವವರೆಗೂ ಕಾದು, ಸೆರಗಿನ ಹಿಂದಿನಿಂದ ಮೂರು ಹೋಳಿಗೆ ತೆಗೆದು ಎಲೆಗೆ ಹಾಕಿದಳು. ಆನಂದಪ್ಪ ಗಿರಣಿಯಲ್ಲಿದ್ದ. ನಲವತ್ತು ಡಬ್ಬಿ ಬಾಕಿ ಇದ್ದವು.

ಎಂಟು ದಿನ ಕಳೆಯಿತು. ಆನಂದಪ್ಪ ಸಾಹಸದ ಹೆಸರೆತ್ತಲಿಲ್ಲ. ರಾಗಿ, ಜೋಳ, ಮೆಣಸಿನಕಾಯಿ. ಒಂಬತ್ತನೆಯ ದಿನ ಬೆಳಿಗ್ಗೆ ಆರೂವರೆಗೆ ಅವನು ಬೀಗದ ಕೈ ಹಿಡಿದು ಹೊರಗೆ ಬಂದರೆ, ಹನುಮಮ್ಮ ಹಸಿರು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಟವೆಲ್ಲು ಹೊದ್ದು ಜಗಲಿಯಲ್ಲಿ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಎಲ್ಲಿಗವ್ವ?”

“ಕುಬಟೂರಿಗೆ. ಬೀಗದ ಕೈ ತಿಮ್ಮಮ್ಮನ ಹತ್ರ ಕೊಟ್ಟು ನಡಿ. ನಾನು ಬಾಗಲಾಗೆ ನಿಂತು ಒಳಗೆ ಬರಂಗಿಲ್ಲ, ನೀರು ಮುಟ್ಟಂಗಿಲ್ಲ ಅಂತೀನಿ. ನೀನು ಬಣವೆ ಹಿಂದೆ ಕುಂತು ನೋಡು. ನಿನಗೆ ಏನು ಹೊದಿಸಾಕೆ ತರ್ತಾನೋ ಗೊತ್ತಾಗ್ಲಿ.”

ಆನಂದಪ್ಪ ಒಂದು ಕ್ಷಣ ಗಿರಣಿಯ ಕಡೆ ನೋಡಿದ, ಒಂದು ಕ್ಷಣ ತಾಯಿಯ ಕಡೆ. ಆಮೇಲೆ ಚಪ್ಪಲಿ ಬಿಟ್ಟ.

“ಅವ್ವ, ನನಗೂ ಅಷ್ಟೇ ಅಳ್ತಾನಾ ಮಾವ?”

“ಅಳದಿದ್ರೆ,” ಎಂದಳು ಹನುಮಮ್ಮ ಮೆಟ್ಟಿಲಿಳಿಯುತ್ತ, “ಇನ್ನೊಂದು ಹನ್ನೊಂದು ವರ್ಷ ಮಾತು ಬಿಡಾಣ.”